ಚಿನ್ನದ ನಾಡಿನ ಚರಿತ್ರೆ: ಸಂಗ್ರಹ ಮತ್ತು ದಾಸೋಹ

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಚಿನ್ನದಿಂದಲೇ ಆರಂಭಿಸುವರು. ನೂರ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಆ ನೆಲದಿಂದ ಸುಮಾರು 800 ಟನ್ನು ಚಿನ್ನ ಹೊರಬಂದಿತೆಂದೂ, ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಮಿಕ್ಕ ಆಳಕ್ಕಿಳಿದು ಜಗತ್ತಿನ ಅತ್ಯಂತ ಆಳವಾದ ಗಣಿಗಳ ಸಾಲಿನಲ್ಲಿ ನಿಂತಿತ್ತೆಂದೂ ವರ್ಣಿಸುವರು. ಇವೆಲ್ಲ ಸತ್ಯವೇ. ಆದರೆ ಆ ಗಣಿಗಳು ಹುಟ್ಟುವುದಕ್ಕೆ ಮೂಲವಾದದ್ದು ಒಂದು ಹಳೆಯ ಬರಹವೆಂಬ ಸಂಗತಿ ಅಷ್ಟಾಗಿ ಲಕ್ಷ್ಯಕ್ಕೆ ಬಂದಿಲ್ಲ.

1799ರಲ್ಲಿ ಟಿಪ್ಪೂ ಸುಲ್ತಾನನ ಪತನವಾದ ತರುವಾಯ ಮೈಸೂರು ಸೀಮೆಯ ಭೂಮಾಪನ ಕಾರ್ಯದಲ್ಲಿ ತೊಡಗಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಬ್ರಿಟಿಷ್ ಸೇನಾಧಿಕಾರಿಯು 1802ರಲ್ಲಿ ಈ ಭಾಗಕ್ಕೆ ಬಂದನು. ಇಲ್ಲಿನ ಮಣ್ಣಿನಲ್ಲಿ ಹೊನ್ನು ದೊರೆಯುವುದೆಂಬ ಮಾತು ಅವನ ಕಿವಿಗೆ ಬಿದ್ದಿತು. ತೋರಿಸಿಕೊಟ್ಟವರಿಗೆ ಬಹುಮಾನ ಕೊಡುವೆನೆಂದು ಅವನು ಸಾರಲು, ಊರಿಗಾಂ ಸುತ್ತಿನ ಹಳ್ಳಿಗರು ಗಾಡಿಗಳಲ್ಲಿ ಮಣ್ಣು ತಂದು, ಅವನ ಕಣ್ಣೆದುರಿಗೇ ತೊಳೆದು, ತಳದಲ್ಲಿ ಉಳಿದ ಹೊನ್ನಿನ ಕಣಗಳನ್ನು ತೋರಿಸಿದರು. ತಾನು ಕಂಡದ್ದನ್ನು ವಾರನ್ನನು ಬರೆದಿಟ್ಟನು. 1804ರಲ್ಲಿ ಆ ವರದಿ ಅಚ್ಚಾಯಿತು. ಬೆಂಗಳೂರಿನ ದಂಡು ಪ್ರದೇಶದಲ್ಲಿ ನೆಲಸಿದ್ದ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕನ ಕಣ್ಣಿಗೆ ಅದು ಬಿದ್ದದ್ದು 1871ರಲ್ಲಿ. ಅರುವತ್ತೇಳು ವರ್ಷ ಮೌನವಾಗಿದ್ದ ಕೆಲವೇ ಪುಟಗಳ ಬರಹವನ್ನು ಓದಿ ಅವನು ಎತ್ತಿನ ಗಾಡಿಯಲ್ಲಿ ಕೋಲಾರದ ಕಡೆಗೆ ಹೊರಟನು. ಮೈಸೂರು ಸರ್ಕಾರವನ್ನು ಬೇಡಿ 1875ರಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದನು. ಮುಂದೆ ಹಕ್ಕು ಕೈಯಿಂದ ಕೈಗೆ ದಾಟಿ, 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಪ್ರವೇಶಿಸಿ, ಅದರ ಆಡಳಿತದಲ್ಲಿ ಗಣಿಗಳು ಬೆಳೆದವು.

ಈ ವೃತ್ತಾಂತದಲ್ಲಿ ವಿಚಾರಿಸಬೇಕಾದ ಎರಡು ಅಂಶಗಳಿವೆ. ಒಂದು: ಬರೆದಿಟ್ಟ ಮಾತು ಎಷ್ಟೇ ಚಿಕ್ಕದಾಗಿರಲಿ, ಅದು ಉಳಿದು ಇನ್ನೊಬ್ಬರ ಕೈಸೇರಿದರೆ ಒಂದು ಸೀಮೆಯ ಹಣೆಬರಹವನ್ನೇ ಬದಲಿಸಬಲ್ಲದು. ಎರಡು: ವಾರನ್ನನ ಹೆಸರೂ ಲವೆಲ್ಲನ ಹೆಸರೂ ಉಳಿದುವು, ಮಣ್ಣನ್ನು ತೊಳೆದು ತೋರಿಸಿದ ಹಳ್ಳಿಗರ ಹೆಸರುಗಳನ್ನು ಮಾತ್ರ ಯಾರೂ ಬರೆದಿಡಲಿಲ್ಲ. ತಿಳಿವಳಿಕೆ ಯಾರದೋ, ಕೀರ್ತಿ ಮತ್ತಾರದೋ ಆಯಿತು. ಚಿನ್ನದ ನಾಡಿನ ಚರಿತ್ರೆಯನ್ನು ಇಂದು ಯಾರು ಕಾಪಾಡಬೇಕು, ಕಾಪಾಡಿದ್ದನ್ನು ಯಾರಿಗೆ ಹಂಚಬೇಕು ಎಂಬ ಪ್ರಶ್ನೆ ಈ ಎರಡು ಅಂಶಗಳ ನಡುವೆ ನಿಂತಿದೆ. ಸಂಬಳವಿಲ್ಲದೆ, ಅಧಿಕಾರವಿಲ್ಲದೆ, ತಮ್ಮೂರಿನ ಹಳೆಯ ಸಂಗತಿಗಳನ್ನು ಕೂಡಿಟ್ಟು ಹಂಚಿದವರ ಕಾರ್ಯವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕಲ್ಲಿನ ಕಡತ

ಚಿನ್ನದ ಗಣಿಯ ಪ್ರದೇಶವು ಬಹುಕಾಲ ಬಂಗಾರಪೇಟೆ ತಾಲ್ಲೂಕಿನಲ್ಲಿಯೇ ಸೇರಿದ್ದು, ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಬಂಗಾರಪೇಟೆಯ ಹಿಂದಿನ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗ್ ಎಂಬವನ ಹೆಸರು ಅದಕ್ಕೆ ಬಂದಿತ್ತು. 1864ರಲ್ಲಿ ಬೆಂಗಳೂರಿಗೆ ಮದರಾಸಿನ ಕಡೆಯ ರೈಲುಮಾರ್ಗ ಬಂದುದರಿಂದಲೂ, 1894ರಲ್ಲಿ ಇಲ್ಲಿಂದ ಮಾರಿಕುಪ್ಪಕ್ಕೆ ಕವಲು ಮಾರ್ಗ ಹೊರಟುದರಿಂದಲೂ ಪೇಟೆ ಬೆಳೆಯಿತು. ಆದಕಾರಣ ಇದೊಂದು ಹೊಸ ಊರು, ಇಲ್ಲಿನ ಚರಿತ್ರೆಯೆಲ್ಲ ಕಂಪೆನಿಯ ಕಾಲದಿಂದೀಚಿನದು ಎಂಬ ಭಾವನೆ ಹಲವರಲ್ಲಿ ಬೇರೂರಿದೆ. ಸುತ್ತಲಿನ ಕಲ್ಲುಗಳನ್ನು ಕೇಳಿದರೆ ಈ ಭಾವನೆ ನಿಲ್ಲುವುದಿಲ್ಲ.

ಗಣಿಯ ಸಮೀಪದ ಬೇತಮಂಗಲವನ್ನೇ ನೋಡಬಹುದು. ಅದರ ಪ್ರಾಚೀನ ನಾಮ ವಿಜಯಾದಿತ್ಯಮಂಗಲ. ಬಾಣ ವಂಶದ ಅರಸನ ಹೆಸರನ್ನು ಅದು ಹೊತ್ತಿದೆ. ಅಲ್ಲಿಯ ಕೆರೆಯ ಏರಿ ಒಡೆದಾಗ ಸುಮಾರು 950ರಲ್ಲಿ ನೊಳಂಬರ ಅರಸನೊಬ್ಬನು ಅದನ್ನು ಜೀರ್ಣೋದ್ಧಾರ ಮಾಡಿಸಿದ ವಿಷಯ ಶಾಸನದಿಂದ ತಿಳಿಯುತ್ತದೆ. ಪಾಲಾರ್ ನದಿಯ ನೀರನ್ನು ಹಿಡಿದಿಡುವ ಈ ಕೆರೆಯಿಂದಲೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚಿನ್ನದ ಗಣಿಗಳಿಗೂ ಅಲ್ಲಿನ ಜನರಿಗೂ ನೀರು ಹರಿಯಿತು. ಸಾವಿರ ವರ್ಷಗಳ ಹಿಂದೆ ಏರಿಗೆ ಮಣ್ಣು ಹೊತ್ತವರ ದುಡಿಮೆಯೂ, ಯಂತ್ರಯುಗದ ಗಣಿಯೂ ಒಂದೇ ನೀರಿನಿಂದ ಬೆಸೆದುಕೊಂಡಿವೆ. ಶಾಸನವೊಂದು ಉಳಿಯದಿದ್ದರೆ ಈ ಸಂಬಂಧ ತಿಳಿಯುತ್ತಿರಲಿಲ್ಲ.

ಮುಳುಬಾಗಿಲಿನ ಕಡೆಯ ಆವನಿಯು ಇನ್ನೊಂದು ನಿದರ್ಶನ. ಅಲ್ಲಿಯ ಬಂಡೆಯ ಮೇಲಿನ ಬರಹವು ತ್ರಿಭುವನಕರ್ತಾರನೆಂಬ ಶೈವ ಯತಿಯ ವಿಷಯವನ್ನು ತಿಳಿಸುತ್ತದೆ. ಕಲಿಯುಗ ರುದ್ರನೆಂಬ ಬಿರುದು ಪಡೆದಿದ್ದ ಈತನು ಆವನಿಯ ಸ್ಥಾನವನ್ನು ನಲವತ್ತು ವರ್ಷ ಆಳಿ, ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿ, 961ರಲ್ಲಿ ಶಿವೈಕ್ಯನಾದನು. ಬಸವಾದಿ ಶರಣರಿಗೆ ಇನ್ನೂರು ವರ್ಷ ಮೊದಲಿನ ಮಾತಿದು. ದೇವಾಲಯದ ಲೆಕ್ಕದ ಜೊತೆಗೆ ಕೆರೆಯ ಲೆಕ್ಕವನ್ನೂ ಒಬ್ಬ ಯತಿಯ ಪುಣ್ಯದಲ್ಲಿ ಸೇರಿಸಿ ಬರೆದ ಆ ಕಾಲದ ಮನಸ್ಸು ಗಮನಾರ್ಹವಾದುದು.

ವೀರಶೈವ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಸೀಮೆಯು ಮತ್ತೊಂದು ಕಾರಣದಿಂದ ಪೂಜ್ಯವಾದುದು. ವಾರ್ಧಕ ಷಟ್ಪದಿಯಲ್ಲಿ ‘ಶಿವತತ್ತ್ವಚಿಂತಾಮಣಿ’ಯನ್ನು ರಚಿಸಿ ಶಿವಶರಣರ ಚರಿತ್ರೆಗೆ ಆಕರವಾದ ಲಕ್ಕಣ್ಣ ದಂಡೇಶನು ವಿಜಯನಗರದ ಪ್ರೌಢದೇವರಾಯನ (1424–1446) ಮಂತ್ರಿಯೆಂಬುದು ಸರ್ವವಿದಿತ. ಅವನೂ ಅವನ ಸೋದರ ಮಾದಣ್ಣನೂ ಮುಳುಬಾಗಿಲು ರಾಜ್ಯದ ಆಡಳಿತವನ್ನು ನಡೆಸಿದವರೆಂಬುದಕ್ಕೆ ಕೋಲಾರ ಜಿಲ್ಲೆಯ ಶಾಸನಗಳೇ ಪ್ರಮಾಣ. ಮುಳುಬಾಗಿಲಿಗೆ ಸಮೀಪದ ವಿರೂಪಾಕ್ಷಿಯ ದೇವಾಲಯವು ಅವನ ಹೆಸರಿನೊಡನೆ ಕೂಡಿಕೊಂಡಿದೆ. ಕಾವ್ಯದಲ್ಲಿ ಭಕ್ತಕವಿಯಾಗಿ ಕಾಣುವವನು ಕಲ್ಲಿನಲ್ಲಿ ಆಡಳಿತಗಾರನಾಗಿ ಕಾಣುತ್ತಾನೆ. ಈ ಎರಡು ಸಾಕ್ಷ್ಯಗಳನ್ನು ಜೋಡಿಸಿದಾಗಲೇ ವ್ಯಕ್ತಿ ಪೂರ್ಣನಾಗುವನು. ಗ್ರಂಥವನ್ನು ಮಾತ್ರ ಜಗಲಿಯ ಮೇಲಿಟ್ಟು ಪೂಜಿಸಿ, ಅದರ ಕರ್ತೃವಿನ ಕಾಲವನ್ನು ತಿಳಿಸುವ ಕಲ್ಲನ್ನು ಮಳೆಬಿಸಿಲಿಗೆ ಬಿಟ್ಟರೆ ಅರ್ಧಪೂಜೆಯಾದಂತೆ.

ಈ ಶಾಸನಗಳು ಕಲ್ಲಿನಿಂದ ಪುಸ್ತಕಕ್ಕೆ ಬಂದದ್ದು ಬಿ. ಎಲ್. ರೈಸ್ ಅವರ ಪರಿಶ್ರಮದಿಂದ. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಕನ್ನಡವನ್ನು ಬಾಲ್ಯದಿಂದಲೇ ಬಲ್ಲವರಾಗಿದ್ದ ರೈಸರು ‘ಎಪಿಗ್ರಾಫಿಯಾ ಕರ್ಣಾಟಿಕಾ’ ಮಾಲೆಯ ಹತ್ತನೆಯ ಸಂಪುಟವನ್ನು ಕೋಲಾರ ಜಿಲ್ಲೆಗೆ ಮೀಸಲಿಟ್ಟು 1905ರಲ್ಲಿ ಪ್ರಕಟಿಸಿದರು. ಅದರಲ್ಲಿ ಬೌರಿಂಗ್‌ಪೇಟೆ ತಾಲ್ಲೂಕಿಗೆ ಪ್ರತ್ಯೇಕ ಭಾಗವಿದೆ. ಇದು ಸರ್ಕಾರದ ಕೆಲಸವಾಗಿತ್ತು ನಿಜ. ಆದರೆ ಹಳ್ಳಿಯ ಜನರು ಹೊಲದ ಬದುವಿನಲ್ಲಿಯೂ ಕೆರೆಯ ತೂಬಿನ ಬಳಿಯಲ್ಲಿಯೂ ಕಲ್ಲುಗಳನ್ನು ಒಡೆಯದೆ ಉಳಿಸಿಕೊಂಡಿದ್ದರಿಂದಲೇ ಪಂಡಿತರಿಗೆ ಪಡಿಯಚ್ಚು ತೆಗೆಯಲು ಏನಾದರೂ ಸಿಕ್ಕಿತೆಂಬುದನ್ನು ಮರೆಯಲಾಗದು. ಸತ್ತ ವೀರನಿಗೆ ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ ಕಾಯಿ ಒಡೆಯುತ್ತಿದ್ದ ಮನೆತನಗಳು, ಅಕ್ಷರ ತಿಳಿಯದಿದ್ದರೂ, ಅಕ್ಷರದ ಕಾವಲುಗಾರರಾಗಿದ್ದುವು.

ಆ ಸಂಪುಟವನ್ನು ತೆರೆದು ನೋಡುವವರಿಗೆ ಇನ್ನೊಂದು ಸತ್ಯವೂ ಗೋಚರವಾಗುತ್ತದೆ. ಅಲ್ಲಿ ಕನ್ನಡ ಶಾಸನಗಳಿವೆ, ಸಂಸ್ಕೃತದವಿವೆ, ತೆಲುಗಿನವಿವೆ; ತಮಿಳು ಶಾಸನಗಳೂ ಹೇರಳವಾಗಿವೆ. ಹನ್ನೊಂದನೆಯ ಶತಮಾನದಲ್ಲಿ ಈ ನಾಡು ಚೋಳರ ಆಳ್ವಿಕೆಗೆ ಸೇರಿ ನಿಗರಿಲಿಚೋಳಮಂಡಲವೆಂದು ಕರೆಯಿಸಿಕೊಂಡಿತು; ಕೋಲಾರಮ್ಮನ ಗುಡಿಯ ಗೋಡೆಗಳಲ್ಲಿ ಅವರ ತಮಿಳು ಬರಹಗಳಿವೆ. ಗಣಿಯ ಕೆಲಸಕ್ಕೆಂದು ತಮಿಳು ಸೀಮೆಯಿಂದ ಜನರು ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಆದರೆ ಈ ನೆಲದಲ್ಲಿ ಹಲವು ಭಾಷೆಗಳು ಒಂದೇ ಕೆರೆಯ ನೀರು ಕುಡಿದು ಬಾಳಿದ್ದು ಸಾವಿರ ವರ್ಷಗಳಿಂದ. ಒಂದು ಭಾಷೆಯ ಕಲ್ಲನ್ನು ಉಳಿಸಿ ಇನ್ನೊಂದರ ಕಲ್ಲನ್ನು ಒಗೆಯುವ ಕಲ್ಲಾಗಿ ಬಿಟ್ಟುಕೊಡುವವನು ಸ್ವಂತ ಊರಿನ ಚರಿತ್ರೆಯ ಅರ್ಧವನ್ನು ಕಳೆದುಕೊಳ್ಳುವನು.

ಕಟ್ಟುಗಳನ್ನು ಕಾಪಾಡಿದವರು

ಸಂಗ್ರಹದ ಕೆಲಸ ಎಷ್ಟು ಮಹತ್ತ್ವದ್ದೆಂಬುದನ್ನು ವಚನ ಸಾಹಿತ್ಯದ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಕಲ್ಯಾಣದ ಕ್ರಾಂತಿಯ ಅನಂತರ ಚದುರಿಹೋದ ವಚನಗಳು ಭಕ್ತರ ಮನೆಗಳಲ್ಲಿಯೂ ಮಠಗಳಲ್ಲಿಯೂ ತಾಳೆಗರಿಯ ಕಟ್ಟುಗಳಾಗಿ ಉಳಿದುವು. ಹದಿನೈದನೆಯ ಶತಮಾನದಲ್ಲಿ ವಿರಕ್ತರು ಅವುಗಳನ್ನು ಕೂಡಿಸಿ, ಜೋಡಿಸಿ, ಶಿವಗಣಪ್ರಸಾದಿ ಮಹಾದೇವಯ್ಯನವರ ಕೈಯಲ್ಲಿ ‘ಶೂನ್ಯಸಂಪಾದನೆ’ಯಂತಹ ಕೃತಿ ರೂಪುಗೊಂಡಿತು. ಮತ್ತೆ ಹಲವು ಶತಮಾನ ಕಳೆದು, ವಿಜಾಪುರದ ವಕೀಲರಾದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು (1880–1964) ಊರೂರು ತಿರುಗಿ ಓಲೆಗರಿಗಳನ್ನು ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಯಾರೂ ಅವರನ್ನು ಈ ಕೆಲಸಕ್ಕೆ ನೇಮಿಸಿರಲಿಲ್ಲ.

ಹಳಕಟ್ಟಿಯವರು ಸಂಗ್ರಹಿಸಿದಷ್ಟಕ್ಕೇ ನಿಂತಿದ್ದರೆ ಆ ಕಟ್ಟುಗಳು ಒಂದು ಮನೆಯ ಅಟ್ಟದಿಂದ ಇನ್ನೊಂದು ಮನೆಯ ಅಟ್ಟಕ್ಕೆ ಹೋದಂತಾಗುತ್ತಿತ್ತು. ಅಚ್ಚು ಹಾಕಿಸಿ ಹಂಚಿದುದರಿಂದಲೇ ಅವರು ವಚನಗುಮ್ಮಟರೆನಿಸಿದರು. ಶರಣರ ದೃಷ್ಟಿಯಲ್ಲಿ ಕಾಯಕವು ದಾಸೋಹದಿಂದ ಪೂರ್ಣವಾಗುತ್ತದೆ. ಚರಿತ್ರೆಯ ಸಂಗ್ರಹಕ್ಕೂ ಇದೇ ನಿಯಮ: ಕೂಡಿಸುವುದು ಕಾಯಕ, ಹಂಚುವುದು ದಾಸೋಹ. ಹಂಚದ ಸಂಗ್ರಹ ಹೂತಿಟ್ಟ ಹೊನ್ನಿನಂತೆ. ಕಂಪೆನಿಯ ಖಜಾನೆಯಲ್ಲಿದ್ದ ಚಿನ್ನಕ್ಕೂ ಅದಕ್ಕೂ ಹೆಚ್ಚಿನ ಭೇದವಿಲ್ಲ.

ಇದೇ ಬಗೆಯ ಕಾರ್ಯವೊಂದು ಅದೇ ಕಾಲಕ್ಕೆ ಚಿನ್ನದ ಗಣಿಯ ಕಾರ್ಮಿಕರ ನಡುವೆ ನಡೆದಿತ್ತೆಂಬ ಸಂಗತಿ ಕನ್ನಡ ವಾಚಕರಿಗೆ ಅಷ್ಟಾಗಿ ಪರಿಚಿತವಲ್ಲ. ಮದರಾಸಿನಲ್ಲಿದ್ದ ಅಯೋತಿದಾಸ ಪಂಡಿತರು (1845–1914) ಅಸ್ಪೃಶ್ಯತೆಯ ಹೊರೆ ಹೊತ್ತಿದ್ದ ಜನರಿಗೆ ಬೌದ್ಧ ಧರ್ಮದ ದಾರಿಯನ್ನು ತೋರಿಸಿ, 1907ರಲ್ಲಿ ‘ತಮಿಳನ್’ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಮಾರಿಕುಪ್ಪದಲ್ಲಿ ಅವರ ಬೌದ್ಧ ಸಂಘದ ಶಾಖೆ ತಲೆಯೆತ್ತಿತು. ಭೂಗರ್ಭದಲ್ಲಿ ದುಡಿದು ಮೇಲೆ ಬಂದವರು ಸಂಜೆ ಕೂಡಿ ಪತ್ರಿಕೆಯನ್ನು ಓದುವ, ಓದಿಸಿ ಕೇಳುವ ಪರಿಪಾಟ ಬೆಳೆಯಿತು. ಪಂಡಿತರ ಕಾಲಾನಂತರ ನಿಂತುಹೋಗಿದ್ದ ಪತ್ರಿಕೆಯನ್ನು 1926ರಲ್ಲಿ ಮತ್ತೆ ಹೊರಡಿಸಿದ್ದು ಚಿನ್ನದ ಗಣಿಯಿಂದಲೇ. ಅದರ ಸಂಪಾದಕರು ಜಿ. ಅಪ್ಪಾದುರೈಯಾರ್. ಗಣಿಯ ಸಿದ್ಧಾರ್ಥ ಪುಸ್ತಕಶಾಲೆಯು ಪಂಡಿತರ ಕೃತಿಗಳನ್ನು ಅಚ್ಚು ಹಾಕಿಸಿ ಹಂಚಿತು.

ಮುಂದೆ ದಶಕಗಳ ಕಾಲ ವಿಶ್ವವಿದ್ಯಾಲಯಗಳ ಪಂಡಿತರಿಗೆ ಅಯೋತಿದಾಸರ ಹೆಸರೇ ಅಪರಿಚಿತವಾಗಿತ್ತು. ಆದರೆ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಅನುಯಾಯಿಗಳ ಮನೆಗಳು ಬಿಸುಡಲಿಲ್ಲ. ಜ್ಞಾನ ಅಲೋಶಿಯಸ್ ಎಂಬ ವಿದ್ವಾಂಸರು ಆ ಚಳವಳಿಯ ಚರಿತ್ರೆಯನ್ನು 1998ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿ, 1999ರಲ್ಲಿ ಪಂಡಿತರ ಬರಹಗಳ ಸಂಪುಟಗಳನ್ನು ಸಂಪಾದಿಸಿಕೊಟ್ಟಾಗ ತಮಿಳು ನಾಡಿನ ಆಧುನಿಕ ಚಿಂತನೆಯ ಇತಿಹಾಸವನ್ನೇ ಹೊಸದಾಗಿ ಬರೆಯಬೇಕಾಯಿತು. ವಚನದ ಕಟ್ಟನ್ನು ಜಗಲಿಯ ಮೇಲಿಟ್ಟು ಕಾದ ಉತ್ತರ ಕರ್ನಾಟಕದ ಭಕ್ತನಿಗೂ, ಹಳೆಯ ಪತ್ರಿಕೆಯನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಕಾದ ಗಣಿಯ ಕಾರ್ಮಿಕನಿಗೂ ಮತ ಬೇರೆ, ಮಾತು ಬೇರೆ. ಆದರೆ ನಿಷ್ಠೆ ಒಂದೇ. ಬರೆದಿಟ್ಟದ್ದು ನಾಳೆ ಯಾರಿಗೋ ಬೇಕಾದೀತೆಂಬ ನಂಬಿಕೆ ಒಂದೇ.

ಗಣಿಯ ದಾಖಲೆ, ಗಣಿಗಾರನ ನೆನಪು

ಗಣಿಯ ಆಡಳಿತ ಚರಿತ್ರೆಯನ್ನು ಕೆಲವು ವಾಕ್ಯಗಳಲ್ಲಿ ಹೇಳಬಹುದು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರದ ವಶಕ್ಕೆ ಹೋದುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸಂಸ್ಥೆ ರಚಿತವಾಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಉತ್ಪನ್ನ, ಆಳ, ಲಾಭ, ನಷ್ಟಗಳ ಅಂಕಿಗಳೆಲ್ಲ ಸರ್ಕಾರದ ಹಾಗೂ ಕಂಪೆನಿಯ ವರದಿಗಳಲ್ಲಿ ದೊರೆಯುತ್ತವೆ. ಲೈನು ಮನೆಗಳ ಸಾಲಿನಲ್ಲಿ ಜನರು ಬಾಳಿದ ಬಗೆ, ಕಲ್ಲಿನ ಧೂಳು ಕುಡಿದು ಎದೆ ಗಟ್ಟಿಯಾದವರ ಕೆಮ್ಮು, ಬಂಡೆ ಸಿಡಿದಾಗ ಗಣಿಯ ಬಾಯಿಯ ಬಳಿ ಕಾದು ನಿಂತ ಹೆಂಗಸರ ಮುಖ ಇವು ಆ ವರದಿಗಳಲ್ಲಿಲ್ಲ. ಅವುಗಳಿಗೆ ನೆನಪೇ ದಾಖಲೆ.

1930ರ ಮುಷ್ಕರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕೆಲಸಗಾರರೆಲ್ಲರ ಬೆರಳಚ್ಚು ತೆಗೆದು ಹೆಸರು ನೋಂದಾಯಿಸಬೇಕೆಂಬ ಆಜ್ಞೆಯನ್ನು ವಿರೋಧಿಸಿ ಗಣಿಗಾರರು ಕೆಲಸ ನಿಲ್ಲಿಸಿದರು. ಆಡಳಿತದ ಕಡತದಲ್ಲಿ ಅದು ಶಿಸ್ತಿನ ಪ್ರಶ್ನೆ. ಕಾರ್ಮಿಕರಿಗೆ ಅದು ಮಾನದ ಪ್ರಶ್ನೆ. 1946ರ ನವೆಂಬರಿನಲ್ಲಿ ಪೊಲೀಸರ ಬಲಪ್ರಯೋಗಕ್ಕೆ ಆರು ಜನ ಕಾರ್ಮಿಕರು ಬಲಿಯಾದ ಘಟನೆಯನ್ನು ಗಣಿಯ ಜನರು ಮರೆಯಲಿಲ್ಲ. ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರನ್ನು ಕುರಿತು 1998ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥದಲ್ಲಿ ಗಣಿಯ ಕಾರ್ಮಿಕರ ಬದುಕು ಶಾಸ್ತ್ರೀಯವಾಗಿ ದಾಖಲೆಗೊಂಡಿತು.

ಗಣಿ ಮುಚ್ಚಿದ ಮೇಲೆ ಊರಿನವರೇ ಲೇಖನಿ ಹಿಡಿದದ್ದು ಇನ್ನೊಂದು ಮುಖ್ಯ ಬೆಳವಣಿಗೆ. ಗಣಿಯ ಆಂಗ್ಲೋ ಇಂಡಿಯನ್ ಮನೆತನದಲ್ಲಿ ಬೆಳೆದ ಬ್ರಿಜೆಟ್ ವೈಟ್ ಕುಮಾರ್ ಅವರು 2010ರಲ್ಲಿ ತಮ್ಮ ಬಾಲ್ಯದ ಊರಿನ ನೆನಪುಗಳನ್ನು ಪುಸ್ತಕವಾಗಿಸಿದರು, 2014ರಲ್ಲಿ ಎಸ್. ಶ್ರೀಕುಮಾರ್ ಅವರು ಗಣಿಯ ಹೇಳದೆ ಉಳಿದ ಸಂಗತಿಗಳನ್ನು ಹೇಳಹೊರಟ ಗ್ರಂಥವೊಂದನ್ನು ಬರೆದರು. ಕ್ಲಬ್ಬು, ಬಂಗಲೆ, ಇಗರ್ಜಿಗಳ ಕಡೆಯಿಂದ ನೋಡಿದ ಊರೂ, ಲೈನು ಮನೆಯ ಬಾಗಿಲಿನಿಂದ ನೋಡಿದ ಊರೂ ಒಂದೇ ಆಗಿರಲಾರವು, ಎರಡೂ ಬೇಕು. ಆದರೆ ಈ ಬರಹಗಳೆಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಬೌದ್ಧ ಸಂಘದ ಬರಹಗಳು ತಮಿಳಿನಲ್ಲಿವೆ. ಸುತ್ತಲಿನ ಹಳ್ಳಿಗಳ ಹಾಡುಕಥೆಗಳು ತೆಲುಗು ಬೆರೆತ ಕನ್ನಡದಲ್ಲಿವೆ. ಒಂದೇ ಊರಿನ ಚರಿತ್ರೆ ನಾಲ್ಕು ಭಾಷೆಗಳ ನಾಲ್ಕು ಪೆಟ್ಟಿಗೆಗಳಲ್ಲಿ ಬೀಗ ಹಾಕಿಕೊಂಡು ಕುಳಿತಿದೆ. ಬೀಗ ತೆಗೆದು ಒಂದರದನ್ನು ಇನ್ನೊಂದಕ್ಕೆ ತರುವ ಕೆಲಸ, ಅದರಲ್ಲಿಯೂ ಕನ್ನಡಕ್ಕೆ ತರುವ ಕೆಲಸ, ಬಹುಪಾಲು ಉಳಿದಿದೆ.

ಈ ಕೆಲಸ ನಡೆಯದಿದ್ದರೆ ಆಗುವ ಹಾನಿಗೆ ಕಣ್ಣೆದುರಿನ ನಿದರ್ಶನವಿದೆ. 2018ರಲ್ಲಿಯೂ 2022ರಲ್ಲಿಯೂ ತೆರೆಕಂಡ ‘ಕೆ.ಜಿ.ಎಫ್.’ ಚಲನಚಿತ್ರಗಳಿಂದ ಈ ಊರಿನ ಹೆಸರು ದೇಶವಿದೇಶಗಳಲ್ಲಿ ಪ್ರಸಿದ್ಧವಾಯಿತು. ಆದರೆ ಅವು ಕಟ್ಟುಕಥೆಗಳು. ಕಥೆಗಾರನಿಗೆ ಕಲ್ಪನೆಯ ಸ್ವಾತಂತ್ರ್ಯವುಂಟು, ತಪ್ಪು ಅವನದಲ್ಲ. ಊರಿನ ನಿಜವಾದ ಚರಿತ್ರೆ ಎಳೆಯರ ಕೈಗೆ ಸಿಗುವಂತಿಲ್ಲದಿದ್ದಾಗ ಕಟ್ಟುಕಥೆಯೇ ಚರಿತ್ರೆಯ ಪೀಠವನ್ನು ಏರುವುದು.

ಹೆಮ್ಮೆಯೂ ಪ್ರಮಾಣವೂ

ಊರಿನ ಚರಿತ್ರೆಯನ್ನು ಕೂಡಿಸುವವರು ಹೊರಗಿನ ಕಟ್ಟುಕಥೆಗಿಂತ ಹೆಚ್ಚಾಗಿ ತಮ್ಮ ಅಭಿಮಾನಕ್ಕೇ ಎಚ್ಚರವಾಗಿರಬೇಕು. ಏಷ್ಯಾ ಖಂಡದಲ್ಲಿಯೇ ಮೊಟ್ಟಮೊದಲು ವಿದ್ಯುಚ್ಛಕ್ತಿ ಬಂದದ್ದು ಚಿನ್ನದ ಗಣಿಗೆ ಎಂಬ ಮಾತು ಆ ಕಡೆ ಹಲವರ ಬಾಯಲ್ಲಿದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರು ದೂರ ತಂತಿ ಎಳೆದು ಗಣಿಗೆ ವಿದ್ಯುತ್ತನ್ನು ಒಯ್ದದ್ದು ದಿಟ. ಆದರೆ 1897ರಲ್ಲಿಯೇ ಡಾರ್ಜಿಲಿಂಗಿನಲ್ಲಿ ಜಲವಿದ್ಯುತ್ ಕೇಂದ್ರವೊಂದು ಕೆಲಸ ಆರಂಭಿಸಿತ್ತು. ಮೊಟ್ಟಮೊದಲು ಎಂಬ ಮಾತು ನಿಲ್ಲುವುದಿಲ್ಲ. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿದ ಸಾಹಸ ಆ ಕಾಲಕ್ಕೆ ಅಸಾಧಾರಣವಾಗಿತ್ತೆಂಬುದು ನಿಲ್ಲುತ್ತದೆ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ ಎಂಬುದೂ ನಿಲ್ಲುತ್ತದೆ. ನಿಲ್ಲುವ ಮಾತುಗಳೇ ಸಾಕಷ್ಟು ದೊಡ್ಡವಾಗಿರುವಾಗ ನಿಲ್ಲದ ಮಾತಿನ ಊರುಗೋಲು ಬೇಕಿಲ್ಲ.

ಇದಕ್ಕೆ ಪ್ರತಿಯಾಗಿ, ನಿಜವಾಗಿಯೂ ಜಗತ್ತಿನ ಗಮನ ಸೆಳೆದ ಸಂಗತಿಯೊಂದು ಊರಿನ ಬಾಯಲ್ಲಿ ಅಷ್ಟಾಗಿ ಇಲ್ಲ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಕೂಡಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳ ಗುರುತನ್ನು ಪತ್ತೆಮಾಡಿದರು. ಹೊನ್ನಿಗಾಗಿ ತೋಡಿದ ಬಿಲವು ವಿಶ್ವದ ರಹಸ್ಯಕ್ಕೆ ಕಿಂಡಿಯಾಯಿತು. ಆ ಕೆಳಗಿನ ಪ್ರಯೋಗಶಾಲೆಗೆ ಉಪಕರಣಗಳನ್ನು ಇಳಿಸಲು ನೆರವಾದ ಗಣಿಗಾರರ ಹೆಸರುಗಳೂ ಮಣ್ಣು ತೊಳೆದ ಹಳ್ಳಿಗರ ಹೆಸರುಗಳಂತೆ ಹಿಂದೆಯೇ ಉಳಿದುವು.

ಕಲ್ಲು ಇದ್ದಲ್ಲಿಯೇ

ಸ್ವಯಂಪ್ರೇರಿತರ ಕಾರ್ಯ ಹೇಗೆ ನಡೆಯಬೇಕೆಂಬುದಕ್ಕೆ ನೆರೆಯ ಬೆಂಗಳೂರಿನಲ್ಲಿ ಒಳ್ಳೆಯ ಮೇಲ್ಪಂಕ್ತಿ ದೊರೆಯುತ್ತದೆ. ಪಿ. ಎಲ್. ಉದಯಕುಮಾರ್ ಮತ್ತು ಅವರ ಮಿತ್ರರು 2017ರ ಸುಮಾರಿಗೆ ರೈಸರ ಶಾಸನ ಸಂಪುಟವನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಹೇಳಿದ ಕಲ್ಲುಗಳು ಈಗ ಎಲ್ಲಿವೆಯೆಂದು ಬೀದಿಬೀದಿಯಲ್ಲಿ ಹುಡುಕತೊಡಗಿದರು. ಕೆಲವು ಕಲ್ಲುಗಳು ಚರಂಡಿಯ ಚಪ್ಪಡಿಗಳಾಗಿದ್ದುವು, ಕೆಲವು ಕಟ್ಟಡಗಳ ತಳಪಾಯ ಸೇರಿದ್ದುವು, ಹಲವು ಸುಳಿವೇ ಇಲ್ಲದಂತಾಗಿದ್ದುವು. ಹೆಬ್ಬಾಳದಲ್ಲಿ ಚರಂಡಿಯ ಕಾಮಗಾರಿಯ ವೇಳೆ ಹೊರಬಿದ್ದ ಸುಮಾರು 750ನೆಯ ವರ್ಷದ ಕಿಟ್ಟಯ್ಯನ ವೀರಗಲ್ಲನ್ನು ಸ್ಥಳೀಯರೊಡನೆ ಸೇರಿ ಉಳಿಸಿಕೊಂಡರು. ಅದಕ್ಕೊಂದು ಮಂಟಪವೂ ಆಯಿತು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ 2021ರಿಂದ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ಯಂತ್ರದಿಂದ ತೆಗೆದು ಎಲ್ಲರೂ ನೋಡುವಂತೆ ಒದಗಿಸುವ ಕಾರ್ಯ ನಡೆಯಿತು.

ಈ ಕಾರ್ಯದಲ್ಲಿ ಎರಡು ಗುಣಗಳನ್ನು ಗಮನಿಸಬೇಕು. ಮೊದಲನೆಯದು, ಕಲ್ಲು ಇರುವ ಊರಿನವರೇ ಅದರ ಕಾವಲುಗಾರರಾಗುವಂತೆ ಮಾಡಿದ್ದು. ಕಲ್ಲನ್ನು ಓದಿ, ಅದರ ಅರ್ಥವನ್ನು ಓಣಿಯ ಜನರಿಗೆ ತಿಳಿಸಿದಾಗ, ನಿನ್ನೆಯವರೆಗೆ ಬಟ್ಟೆ ಒಗೆಯುತ್ತಿದ್ದ ಕಲ್ಲು ಇಂದು ಊರಿನ ಹಿರಿಯನಾಗುತ್ತದೆ. ಎರಡನೆಯದು, ಪ್ರತಿಯನ್ನು ಯಾರ ಸ್ವಂತಕ್ಕೂ ಮೀಸಲಿಡದೆ ಹಂಚಿದ್ದು. ಕೋಲಾರದ ಹತ್ತಿರ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರೂ ಗೆಳೆಯರೂ ಕಟ್ಟಿದ ಆದಿಮ ಕೇಂದ್ರವು ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು, ನಾಟಕಗಳಿಗೆ ಜನರನ್ನು ಕೂಡಿಸಿದ್ದೂ ಇದೇ ಜಾತಿಯ ಕಾರ್ಯವೇ. ಅಕ್ಷರಕ್ಕೆ ಸಿಗದ ನೆನಪು ಹಾಡಿನಲ್ಲಿ ಉಳಿಯುತ್ತದೆ. ಹಾಡು ಉಳಿಯುವುದು ಹಾಡಿದಾಗ ಮಾತ್ರ.

ಬಂಗಾರಪೇಟೆ ಮತ್ತು ಗಣಿಯ ಸೀಮೆಯಲ್ಲಿ ಇಂತಹ ಕಾರ್ಯಕ್ಕೆ ವಿಶೇಷ ಸಲಕರಣೆಗಳೇನೂ ಬೇಕಿಲ್ಲ. ಹತ್ತನೆಯ ಸಂಪುಟದ ಬೌರಿಂಗ್‌ಪೇಟೆ ಭಾಗವನ್ನು ಹಿಡಿದು ಹಳ್ಳಿಹಳ್ಳಿಗೆ ಹೋಗಿ ಕಲ್ಲು ಇದೆಯೋ ಇಲ್ಲವೋ ಎಂದು ನೋಡಿ ಬರೆಯುವುದನ್ನು ಪ್ರೌಢಶಾಲೆಯ ಮಕ್ಕಳೂ ಮಾಡಬಲ್ಲರು. ಶಾಸನದ ಕಲ್ಲಿಗೆ ಸುಣ್ಣ ಬಣ್ಣ ಬಳಿಯದೆ, ಕಿತ್ತು ಬೇರೆಡೆಗೆ ಒಯ್ಯದೆ, ಇದ್ದಲ್ಲಿಯೇ ನೆರಳು ಮಾಡಿಕೊಡುವುದು ಊರ ಹಿರಿಯರ ಕೆಲಸ. ಹೈದರಾಲಿ ಹುಟ್ಟಿದೂರೆಂದು ಹೆಸರಾದ ಬೂದಿಕೋಟೆಯ ಹೆಸರಿನಲ್ಲಿರುವ ಬೂದಿ ಯಾವುದು, ಅದಕ್ಕೂ ಶೈವರ ವಿಭೂತಿಗೂ ಏನು ನಂಟು ಎಂದು ಊರಿನ ಅಜ್ಜಿಯನ್ನು ಕೇಳಿ ಬರೆದುಕೊಳ್ಳುವುದು ಇನ್ನೊಂದು. ಹೇಳಿದವರ ಹೆಸರು, ಊರು, ದಿನಾಂಕ, ಹೇಳಿದ ಭಾಷೆ ಈ ನಾಲ್ಕನ್ನೂ ತಪ್ಪದೆ ನಮೂದಿಸಬೇಕು. ಹೆಸರು ಹಾಕಬಾರದೆಂದು ಅವರು ಬಯಸಿದರೆ ಅದನ್ನು ಮನ್ನಿಸಬೇಕು. ಇಬ್ಬರು ಎರಡು ಬಗೆಯಾಗಿ ಹೇಳಿದರೆ ಒಂದನ್ನು ಅಳಿಸದೆ ಎರಡನ್ನೂ ಬರೆಯಬೇಕು. ಬರೆದುದರ ಒಂದು ಪ್ರತಿ ಶಾಲೆಗೆ, ಒಂದು ಗ್ರಂಥಾಲಯಕ್ಕೆ, ಒಂದು ಹೇಳಿದವರ ಮನೆಗೆ ಸಲ್ಲಬೇಕು. ಕೊನೆಯದೇ ಮುಖ್ಯವಾದುದು.

ಕಾಲಾವಕಾಶ ಹೆಚ್ಚಿಲ್ಲ. ಗಣಿ ಮುಚ್ಚಿದ ದಿನ ಮೂವತ್ತರ ಪ್ರಾಯದಲ್ಲಿದ್ದವರು ಇಂದು ಐವತ್ತರ ಮೇಲಿದ್ದಾರೆ. ಅಂದು ಐವತ್ತರಲ್ಲಿದ್ದವರಲ್ಲಿ ಉಳಿದವರಿಗೆ ಎಪ್ಪತ್ತು ದಾಟಿದೆ. ಊರಿನ ಗುರುತೇ ಆಗಿರುವ ಸೈನೈಡ್ ಗುಡ್ಡಗಳು ಗಣಿಯಿಂದ ತೆಗೆದು ಚಿನ್ನ ಹಿಂಡಿ ಬಿಸುಟ ಪುಡಿಯ ರಾಶಿಗಳು. ಅವುಗಳಲ್ಲಿ 13 ಗುಡ್ಡಗಳ ಮಣ್ಣನ್ನು ಮತ್ತೆ ಸಂಸ್ಕರಿಸಿ ಅಳಿದುಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯದ ಸಚಿವ ಸಂಪುಟವು 2024ರಲ್ಲಿ ಒಪ್ಪಿಗೆಯಿತ್ತಿತು. ಬಿಸುಟ ಮಣ್ಣಿನಲ್ಲಿಯೂ ಚಿನ್ನ ಉಳಿದಿದೆಯೆಂದು ಲೋಕಕ್ಕೆ ಈಗ ನೆನಪಾಗಿದೆ. ಮಣ್ಣನ್ನು ಎರಡನೆಯ ಸಲ ತೊಳೆಯಲು ಯಂತ್ರಗಳಿವೆ. ಮುದುಕರ ನೆನಪನ್ನು ಎರಡನೆಯ ಸಲ ತೊಳೆಯಲಾಗದು. ಅದು ಅವರೊಡನೆಯೇ ಮಣ್ಣಿಗೆ ಸೇರುವುದು.

ವಾರನ್ನನೆದುರು ಮಣ್ಣು ತೊಳೆದ ಹಳ್ಳಿಗರ ಹೆಸರುಗಳು ಇನ್ನು ಸಿಕ್ಕಲಾರವು. ಆದರೆ ಅವರ ಊರುಗಳಲ್ಲಿಯೇ, ಅವರದೇ ಬಗೆಯ ಮನೆಗಳಲ್ಲಿ, ಹೆಸರು ಹೇಳಬಲ್ಲವರು ಇಂದಿಗೂ ಇದ್ದಾರೆ. ಅವರ ಬಳಿ ಕುಳಿತು ಕೇಳಿ, ಬರೆದು, ಓದಿ ತೋರಿಸಿ, ಹಂಚುವುದು ಸಂಬಳ ಬೇಡದ ಕಾಯಕ. ಅದರ ಫಲ ಊರಿಗೆಲ್ಲ ಸಲ್ಲುವ ದಾಸೋಹ. ಓಲೆಗರಿಯ ಕಟ್ಟುಗಳಿಂದ ತನ್ನ ಶರಣರ ಮಾತನ್ನು ಮರಳಿ ಪಡೆದ ಸಮಾಜಕ್ಕೆ ಈ ಕಾರ್ಯದ ಬೆಲೆಯನ್ನು ಬೇರೆಯವರು ಹೇಳಬೇಕಾಗಿಲ್ಲ.